ಸಾಲು ಸಮ ಇಲ್ಲದ ನಮ್ಮ ಮನವಿ

ಮುಂಜಾನೆ ಏಳಕ್ಕೆ ಇಳಕಲ್ಲಿಗೆ ಬಸ್ಸು ಬಿಡುತ್ತೇವೆ ಎಂದರು. ಬಿಡಲಿಲ್ಲ.

ಊರ ಹೊರಗೆ ತಂಗುದಾಣ ಕಟ್ಟಿಸುತ್ತೇವೆ ಎಂದರು. ಕಟ್ಟಿಸಲಿಲ್ಲ.

ಬರೆದು ಕೊಡಿ ನೋಡೋಣ ಎಂದರು. ಬರೆದು ಕೊಟ್ಟೆವು... ಅದನ್ನೂ ತೆಗೆದುಕೊಳ್ಳಲಿಲ್ಲ.

ಕಾರಣ ಕೇಳಿದರೆ ನಗುತ್ತೀರಿ. ಸಾಲುಗಳ ನಡುವಿನ ಜಾಗ ಸಮ ಇಲ್ಲವಂತೆ.

ಹುನಗುಂದ ತಾಲೂಕಿನ ನಮ್ಮೂರಿನಿಂದ ಇಳಕಲ್ ಕಾಲೇಜಿಗೆ ಹೋಗುವ ಹುಡುಗಿಯರ ಮನವಿ ಅದು. ಬಸ್ಸಿಲ್ಲದೆ ಇಬ್ಬರು ಆಗಲೇ ಕಾಲೇಜು ಬಿಟ್ಟು ಮನೆಯಲ್ಲಿ ಕೂತಿದ್ದಾರೆ. ಉಳಿದವರನ್ನೂ ಬಿಡಿಸುವ ಮಾತು ನಡೆದಿದೆ.

ಯಾರ ಕಷ್ಟವೋ ಅವರೇ ಬರೆಯಬೇಕು, ಇದು ನಾನು ಕೆಲಸ ಮಾಡುವ ಮಹಿಳಾ ಸಂಘಟನೆಯ ಪದ್ಧತಿ. ಒಬ್ಬಳು ಕಾಲೇಜಿನ ಕಂಪ್ಯೂಟರಿನಲ್ಲಿ, ಒಬ್ಬಳು ಅಣ್ಣನ ಲ್ಯಾಪ್‌ಟಾಪಿನಲ್ಲಿ, ಉಳಿದವರು ಮೊಬೈಲಿನಲ್ಲಿ ಟೈಪ್ ಮಾಡಿದರು. ನಾನು ಎಲ್ಲವನ್ನೂ ವರ್ಡ್‌ನಲ್ಲಿ ಪೇಸ್ಟ್ ಮಾಡಿದೆ, ಅಷ್ಟೆ.

ಒಬ್ಬೊಬ್ಬಳದು ಒಂದೊಂದು ಫಾಂಟ್. ಒಂದು ಫಾಂಟು ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿತು, ಇನ್ನೊಂದು ಮೇಲೆ ಕೆಳಗೆ ಜಾಗ ಹಿಡಿಯಿತು. ಹಾಗೇ ಪ್ರಿಂಟ್ ತೆಗೆದೆವು, ಎಲ್ಲರೂ ಸಹಿ ಹಾಕಿದರು.

ಬಾಗಲಕೋಟೆಯ ಸಾರಿಗೆ ಆಫೀಸಿನಲ್ಲಿ ಸಾಹೇಬರು ಹಾಳೆಯನ್ನು ಬೆಳಕಿಗೆ ಹಿಡಿದರು.

"ಇಲ್ಲಿ ಸಾಲು ಒಂದರ ಮ್ಯಾಲ ಒಂದು ಕುಂತಾವ, ಇಲ್ಲಿ ನಡಕ ಚಕ್ಕಡಿ ಹಾಯುವಷ್ಟು ಜಾಗ ಐತಿ. ಸಹಿ ಆದಮ್ಯಾಲ ಏನೇನ್ ಸೇರ್ಸೀರಿ ಬಾಯಾರ?"

ಫಾಂಟಿನ ಕಥೆ ಹೇಳಿದೆ. ಸಮ ಮಾಡಿಕೊಂಡು ಬನ್ನಿ ಎಂದು ವಾಪಸು ಕೊಟ್ಟರು.

ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಎಲ್ಲ ಸಾಲಿಗೂ ಒಂದೇ ಅಳತೆ ಬಿಗಿಸಿದೆ. ಗೆರೆ ಹೊಡೆದಂತೆ ಸಮವಾಯಿತು. ಖುಷಿಯಿಂದ ಊರಿಗೆ ತಂದೆ.

ರೇಣವ್ವ ಬಿ.ಎ. ಎರಡನೇ ವರ್ಷದವಳು, ಮನವಿಯ ಮೊದಲ ಭಾಗ ಅವಳದೇ. ಹೊಸ ಹಾಳೆ ನೋಡಿದವಳೇ ಮುಖ ಗಂಟಿಕ್ಕಿದಳು. ಬಿಗಿ ಅಳತೆಯಲ್ಲಿ ಹಿಡಿಸದೆ, ಅಕ್ಷರಗಳ ಕೆಳಗಿನ ಒತ್ತುಗಳು ಅರ್ಧಕ್ಕೇ ಕತ್ತರಿಸಿಹೋಗಿದ್ದವು.

"ಅಕ್ಕಾರ, ಬಸ್ಸಿನ ಗಾಲಿನ ಕೊಯ್ದಾರ ನೋಡ್ರಿ. ನನ್ನ ಹೆಸರಿಗೂ ಕಾಲಿಲ್ಲ."

ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಇವರು ಕೇಳುವ ಸಮ ಎಂದರೆ ಇದೇ, ಹಿಡಿಸದವರನ್ನು ಕೊಯ್ಯುವುದು.

ಎಲ್ಲವನ್ನೂ ಒಂದೇ ಫಾಂಟಿಗೆ ತಂದರೆ ಸರಿಹೋಗುತ್ತದೆ ಎಂದೆ. ರೇಣವ್ವ ಒಪ್ಪಲಿಲ್ಲ. ನಾವು ಕಳ್ಳತನದಿಂದ ಸೇರಿಸಿದ್ದೇವೆ ಎಂದವರಿಗೆ ತಿದ್ದಿದ ಹಾಳೆ ಯಾಕೆ ಕೊಡಬೇಕು ಎಂದು ಕೇಳಿ, ಸಹಿ ಇದ್ದ ಹಳೆಯ ಹಾಳೆ ಎತ್ತಿಕೊಂಡಳು.

"ಸಹಿ ಮಾಡಿದ್ದು ಇದಕ್ಕ. ಇದನ್ನ ಒಯ್ಯೂಣು."

ಮರುದಿನ ಅದೇ ಹಳೆಯ ಹಾಳೆ. ಈ ಸಲ ಹುಡುಗಿಯರೆಲ್ಲ ಬಂದಿದ್ದರು.

ಸಾಹೇಬರ ಮೇಜಿನ ಮುಂದೆ ನಿಂತು ರೇಣವ್ವ ತನ್ನ ಭಾಗವನ್ನು ಬಾಯಿಂದಲೇ ಹೇಳುತ್ತಾಳೆ. ಅವಳು ನಿಲ್ಲಿಸಿದಲ್ಲಿ ಮುಂದಿನ ಭಾಗ ಬರೆದ ಶಬಾನಾ ಶುರು ಮಾಡುತ್ತಾಳೆ, ಆಮೇಲೆ ಇನ್ನೊಬ್ಬಳು... ಸಾಹೇಬರ ಬೆರಳು ಹಾಳೆಯ ಮೇಲೆ ಇಳಿಯುತ್ತಿದೆ. ದನಿ ಬದಲಾದಲ್ಲೆಲ್ಲ ಸಾಲಿನ ಅಳತೆಯೂ ಬದಲಾಗುತ್ತಿದೆ.

ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಸಾಹೇಬರು ಹಾಳೆಯನ್ನು ಮೇಜಿನ ಮೇಲೆ ಸರಿಮಾಡಿ ಇಟ್ಟರು. ಶಿಕ್ಕಾ ಒತ್ತಿ ಮನವಿ ತೆಗೆದುಕೊಂಡರು.

ಎಷ್ಟೋ ಆಫೀಸುಗಳ ಮುಂದೆ ಗಂಟಲು ಹರಿಯುವಂತೆ ಘೋಷಣೆ ಕೂಗಿದವಳು ನಾನು. ಆವತ್ತು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದೆ. ಅಷ್ಟು ಹೆಮ್ಮೆ ಯಾವ ಘೋಷಣೆಯೂ ಕೊಟ್ಟಿಲ್ಲ.

ಶಿಕ್ಕಾ ಬಿದ್ದಿದೆ, ಬಸ್ಸು ಇನ್ನೂ ಬಂದಿಲ್ಲ.

ಮುಂದಿನ ಸಭೆ ಸೋಮವಾರ ಮುಂಜಾನೆ ಏಳಕ್ಕೆ, ಬಸ್ಸು ನಿಲ್ಲಬೇಕಾದ ಜಾಗದಲ್ಲೇ.