ಸಾಕೆಟ್ಟಿಗೆ ಕಾವಲಿದ್ದ ಅಂಗಿ

ಮನೆಗೆ ಬೆಂಕಿ ಬೀಳಬಹುದಿತ್ತು. ಅಮ್ಮನಿಗೆ ಶಾಕ್ ಹೊಡೆಯಬಹುದಿತ್ತು. ಅಮ್ಮನನ್ನು ಬಿಡಿಸಲು ಹೋಗಿ ನನಗೂ ಹೊಡೆಯಬಹುದಿತ್ತು. ಹೊಡೆಯದಿದ್ದರೂ ಹೊಡೆಯಿತೆಂದೇ ತಿಳಿದು ನಾನು ಹಿಂದಕ್ಕೆ ಹಾರಿ, ರುಬ್ಬುಗುಂಡಿನ ಮೇಲೆ ಬಿದ್ದು ಸೊಂಟ ಮುರಿದುಕೊಳ್ಳಬಹುದಿತ್ತು. ವಿಷಯ ತಿಳಿದ ಓನರಮ್ಮ "ನಮ್ಮ ಮಗಳು ವಾಪಸ್ ಬರ್ತಿದಾಳೆ, ಮನೆ ಖಾಲಿ ಮಾಡಿಕೊಡಿ" ಅನ್ನಬಹುದಿತ್ತು. ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವಾಗ ನೀರಿನ ಪೈಪು ಸಿಕ್ಕಿ, ನೀರೂ ಕರೆಂಟೂ ಒಟ್ಟಿಗೇ ಹೊರಗೆ ಬಂದು, ಅರ್ಧ ಬಸವನಗುಡಿ ಕತ್ತಲಾಗಬಹುದಿತ್ತು. ಇಷ್ಟನ್ನೂ ನಾನು ಒಂದು ಲೋಟ ಮಜ್ಜಿಗೆ ಕುಡಿದು ಮುಗಿಸುವುದರೊಳಗೆ ಯೋಚಿಸಿದ್ದೆ. ಬೇರೆ ಕೆಲಸಗಳಲ್ಲಿ ನಾನು ನಿಧಾನ. ಇದೊಂದರಲ್ಲಿ ಬಹಳ ಚುರುಕು.

ನಡೆದದ್ದು ಇಷ್ಟೇ. ನಾನೂ ಅಮ್ಮನೂ ಬಾಡಿಗೆಗಿರುವ ಹಳೇ ಮನೆಯ ಅಡುಗೆಕೋಣೆಯ ಸಾಕೆಟ್ ಬಿರುಕು ಬಿಟ್ಟಿತ್ತು. ಒಂದು ತೂತಿನ ಸುತ್ತ ಸೀದ ದೋಸೆಯ ಅಂಚಿನ ಹಾಗೆ ಕಂದು ಕಲೆ. ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ ವಾಸನೆ. ಅಮ್ಮ ದಿನಾ ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ, ಮಡಿಯುಟ್ಟು, ಒದ್ದೆ ಕೈಯಲ್ಲೇ ಅಲ್ಲಿಗೆ ಕೆಟಲ್ ಸಿಕ್ಕಿಸಿ ಡಿಕಾಕ್ಷನ್ನಿಗೆ ನೀರು ಕಾಯಿಸುತ್ತಿದ್ದಳು. ಕೆಟಲ್ ತಂದುಕೊಟ್ಟವನು ನಾನೇ. ಬೆಳಗಿನ ಜಾವ ಒಬ್ಬಳೇ ಗ್ಯಾಸ್ ಹಚ್ಚುತ್ತಾಳಲ್ಲ, ಸೆರಗಿಗೆ ಬೆಂಕಿ ತಗುಲಿದರೆ ಗತಿಯೇನು ಎಂದು.

ನಾನು ಸಾಕೆಟ್ ಮುಟ್ಟಲಿಲ್ಲ. ಹಾಲ್‌ನಲ್ಲಿರುವ ಮೇನ್ ಬೋರ್ಡಿಗೆ ಹೋಗಿ, ಅಡುಗೆಮನೆಯ ಲೈನಿನ ಕರೆಂಟು ಕಡಿಯುವ ಸ್ವಿಚ್ಚು, ಅದೇ ಎಂಸಿಬಿ, ಕೆಳಗಿಳಿಸಿದೆ. ಆಮೇಲೆ ಓನರಮ್ಮನಿಗೆ ಹೇಳಲು ಮಹಡಿ ಹತ್ತಿದೆ. ಮೆಟ್ಟಿಲಲ್ಲಿ ಮೂರು ಸಲ ಅಭ್ಯಾಸ ಮಾಡಿಕೊಂಡಿದ್ದ ಮಾತು ಬಾಗಿಲಲ್ಲಿ ಮರೆತುಹೋಯಿತು. ಬಿಸಿಲಿನಿಂದ ಶುರುಮಾಡಿ, ನಲ್ಲಿ ನೀರಿನ ವಿಚಾರಕ್ಕೆ ಹೋಗಿ, ಅಲ್ಲಿಂದ ಹಳೇ ಕಾಲದ ಮನೆಗಳ ಗಟ್ಟಿತನವನ್ನು ಹೊಗಳಿ, ಕೊನೆಗೆ ಸಾಕೆಟ್ಟಿಗೆ ಬಂದೆ.

ಸೊಪ್ಪು ಬಿಡಿಸುತ್ತಿದ್ದ ಓನರಮ್ಮ ತಲೆಯೆತ್ತಿದರು. "ಸುಟ್ಟ ವಾಸನೆ ಬಂತು ಅಂತ ಹೇಳೋಕೆ ಇಷ್ಟು ಹೊತ್ತಾ? ಮನೆ ಬಿಡ್ತೀನಿ ಅಂತ ಹೇಳೋಕೆ ಬಂದ್ರೇನೋ ಅಂತ ನಾನು ಹೆದರಿದ್ದೆ ಕಣ್ರೀ." ಅಲ್ಲೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟರು.

"ತ್ಯಾಗರಾಜನಗರದಲ್ಲಿದೀನಿ ಸಾರ್, ಹತ್ತೇ ನಿಮಿಷ" ಅಂದ ಅವನು. ಆ ಹತ್ತು ನಿಮಿಷ ಮಂಗಳವಾರ ಶುರುವಾಗಿ ಶನಿವಾರ ಮುಗಿಯಿತು.

ಬುಧವಾರ ಬೆಳಿಗ್ಗೆ ಐದೂಕಾಲಿಗೆ ಎಚ್ಚರವಾಗಿ ನೋಡುತ್ತೇನೆ, ದೇವರಮನೆಯಲ್ಲಿ ಬಲ್ಬು ಉರಿಯುತ್ತಿದೆ! ಅಡುಗೆಮನೆಯದೂ ದೇವರಮನೆಯದೂ ಒಂದೇ ಲೈನು. ಓಡಿದೆ. ಅಮ್ಮ ತಲೆಗೆ ವಸ್ತ್ರ ಸುತ್ತಿಕೊಂಡು, ಕೈಯಿಂದ ನೀರು ತೊಟ್ಟಿಕ್ಕುತ್ತಿರುವಂತೆಯೇ ಕೆಟಲ್ಲಿನ ಪ್ಲಗ್ ಹಿಡಿದು ನಿಂತಿದ್ದಾಳೆ. ನಾನು ಕಿರುಚಿದ ರಭಸಕ್ಕೆ ಪ್ಲಗ್ ಕೆಳಗೆ ಬಿತ್ತು.

"ಯಾಕೋ ಹಾಗೆ ಅರಚ್ತೀಯ, ಬೀದಿಯೋರೆಲ್ಲ ಏಳ್ಬೇಕಾ?"

"ಅಮ್ಮಾ, ಸ್ವಿಚ್ ಇಳಿಸಿಟ್ಟಿದ್ದೆ, ನೀನ್ಯಾಕೆ ಎತ್ತಿದೆ?"

"ದೇವರನ್ನ ಕತ್ತಲಲ್ಲಿ ಕೂರಿಸ್ಲಾ? ಈ ಪ್ಲಗ್ಗು ನಿನ್ನೆವರೆಗೂ ನನಗೇನು ಮಾಡಿತ್ತು?"

ನಿನ್ನೆವರೆಗೆ ಏನೂ ಆಗದ್ದೇ ನಾಳೆ ಆಗುವುದಕ್ಕೆ ಆಧಾರ ಎಂಬುದು ನನ್ನ ಸಿದ್ಧಾಂತ. ಅಮ್ಮನದು ನೇರ ಉಲ್ಟಾ. ಹೋಗಿ ಎಂಸಿಬಿಯನ್ನು ಮತ್ತೆ ಇಳಿಸಿದೆ. ನಾನು ಇನ್ನೆರಡು ನಿಮಿಷ ಮಲಗಿದ್ದಿದ್ದರೆ? ಆ ಪ್ರಶ್ನೆಯ ಮುಂದೆ ನನ್ನ 'ಬಹುದಿತ್ತು'ಗಳ ಪಟ್ಟಿ ತನ್ನಷ್ಟಕ್ಕೇ ನಿಂತುಹೋಯಿತು.

ಬೋರ್ಡಿನ ಮೇಲೆ 'ಮುಟ್ಟಬೇಡಿ' ಎಂದು ಬರೆದು ಅಂಟಿಸಿದೆ. ಕನ್ನಡಕವಿಲ್ಲದೆ ಅಮ್ಮನಿಗೆ ಓದಲು ಬರುವುದಿಲ್ಲ, ಸ್ನಾನ ಆದಮೇಲೆ ಪೂಜೆ ಮುಗಿಯುವವರೆಗೆ ಕನ್ನಡಕ ಹಾಕುವುದಿಲ್ಲ. ಬೋರ್ಡಿನ ಮುಂದೆ ಕುರ್ಚಿ ಇಟ್ಟರೆ ಸರಿಸುತ್ತಾಳೆ. ನಾನೇ ಕಾವಲು ಕೂರೋಣವೆಂದರೆ, ಕುಳಿತಲ್ಲೇ ನಿದ್ದೆ ಹೋಗುವ ಆಸಾಮಿ ನಾನು. ಸಂಜೆ ಆಫೀಸಿನಿಂದ ಬಂದು ಅಂಗಿ ಬಿಚ್ಚುತ್ತಿರುವಾಗ ಅಮ್ಮ ಎಂದಿನಂತೆ, "ಅದನ್ನ ದೇವರಮನೆ ಕಡೆ ತರಬೇಡ, ಬಚ್ಚಲಿಗೆ ಹಾಕು" ಅಂದಳು.

ಉಪಾಯ ಹೊಳೆದದ್ದು ಆಗಲೇ. ದಿನವಿಡೀ ಬೆವರಿ, ಎರಡು ಬಸ್ಸು ಹತ್ತಿಳಿದಿದ್ದ ಆ ಅಂಗಿಯನ್ನು ಬೋರ್ಡಿನ ಮೇಲಿದ್ದ ಕ್ಯಾಲೆಂಡರಿನ ಮೊಳೆಗೆ ನೇತುಹಾಕಿದೆ.

ಗುರುವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಅಮ್ಮ ಬೋರ್ಡಿನಿಂದ ಎರಡು ಮಾರು ದೂರದಲ್ಲಿ, ಸೀರೆಯನ್ನು ಒತ್ತಿ ಹಿಡಿದುಕೊಂಡು ನಿಂತಿದ್ದಳು. "ಹಾಕಿ ಬಿಚ್ಚಿದ ಅಂಗೀನ ಯಾರಾದ್ರೂ ಇಲ್ಲಿ ನೇತಾಕ್ತಾರಾ? ಮೊದ್ಲು ತೆಗಿ!"

"ಎಲೆಕ್ಟ್ರಿಷಿಯನ್ ಬಂದಮೇಲೆ ತೆಗೀತೀನಿ."

"ಪಾಪಿ" ಅಂದಳು ಅಮ್ಮ. ಎಣ್ಣೆ ದೀಪದ ಬೆಳಕಲ್ಲೇ ಪೂಜೆಯಾಯಿತು. ಸಾಕೆಟ್ ಬಚಾವಾಯಿತು, ಆದರೆ ನೀರು ಕಾಯಬೇಕಲ್ಲ? ಅಮ್ಮ ಗ್ಯಾಸ್ ಹಚ್ಚಿದಳು. ಹೀಗಾಗಿ ನಾನು ಮೂರು ದಿನ ಬೆಳಗಿನ ಜಾವ ಅವಳ ಹಿಂದೆ ಒಂದು ಬಕೆಟ್ ನೀರು ಹಿಡಿದು ನಿಂತೆ. ದಿನ ಕಳೆದಂತೆ ಅಂಗಿಯ ಮೈಲಿಗೆಯ ಕಸುವು ಇಳಿದುಬಿಟ್ಟರೆ ಎಂದು ದಿನಾ ಸಂಜೆ ಹೊಸ ಕೊಳೆ ಅಂಗಿ ಬದಲಾಯಿಸಿದೆ.

ಶನಿವಾರ ಎಲೆಕ್ಟ್ರಿಷಿಯನ್ ಬಂದ. ಟೆಸ್ಟರ್ ಇಟ್ಟು ಕರೆಂಟಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಸಾಕೆಟ್ ಬಿಚ್ಚಿದ. ಒಳಗೆ ವೈರಿನ ತುದಿ ಕರ್ರಗಾಗಿತ್ತು.

"ಐದು ಆಂಪ್ ಪಾಯಿಂಟ್ ಸಾರ್ ಇದು, ರೇಡಿಯೋಗೆ ಸರಿ. ಇದಕ್ಕೆ ಕೆಟಲ್ ಹಾಕೋಕೆ ಯಾರು ಹೇಳಿದ್ದು?"

ಬಾಗಿಲಲ್ಲಿ ನಿಂತಿದ್ದ ಅಮ್ಮ ನನ್ನ ಕಡೆ ನೋಡಿದಳು. "ಅವನಿಗೆ ಗ್ಯಾಸ್ ಅಂದ್ರೆ ಭಯ ಕಣಪ್ಪ."

ಅವನು ನನ್ನ ಮುಖ ನೋಡಿ ಸ್ವಲ್ಪ ಕರಗಿದ. "ಆದ್ರೂ ಲೈನ್ ಆಫ್ ಮಾಡಿಟ್ಟಿದ್ರಲ್ಲ, ಅದು ಒಳ್ಳೇದಾಯ್ತು. ಜನ ಟೇಪ್ ಸುತ್ಕೊಂಡು ಹಾಗೇ ಓಡಿಸ್ತಾರೆ." ಆಮೇಲೆ ಬೋರ್ಡಿನ ಕಡೆ ತಿರುಗಿ, "ಈ ಅಂಗಿ ಯಾಕೆ ಸಾರ್?"

"ಸೇಫ್ಟಿಗೆ" ಅಂದೆ. ಅವನು ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟ.

ಬೋರ್ಡಿನಿಂದ ದಪ್ಪ ವೈರು ಎಳೆದು, ದೊಡ್ಡ ಸಾಕೆಟ್ ಕೂರಿಸಿ, ಅದಕ್ಕೇ ಬೇರೆ ಎಂಸಿಬಿ ಹಾಕಿದ. ಹೊರಡುವಾಗ, "ಒದ್ದೆ ಕೈಲಿ ಮಾತ್ರ ಮುಟ್ಟಬೇಡಿ ಅಮ್ಮಾ" ಅಂದ.

"ಅಲ್ಲಪ್ಪ, ಮಡೀಲಿ ಕೈ ಎಲ್ಲಿಗೆ ಒರೆಸ್ಕೊಳ್ಳಲಿ?" ಎಂದ ಅಮ್ಮ, ನನ್ನ ಕಡೆ ಬೆರಳು ತೋರಿಸಿದಳು. "ನಾಳೆಯಿಂದ ನೀರು ಕಾಯ್ಸೋದು ಇವನದೇ ಕೆಲಸ. ಡಿಕಾಕ್ಷನ್ನೂ ಇವನೇ ಹಾಕಲಿ."

ಭಾನುವಾರ ನಾಲ್ಕೂವರೆಗೇ ಎದ್ದೆ. ಕೈಯನ್ನು ಟವೆಲ್ಲಿಗೆ ಮೂರು ಸಲ ಒರೆಸಿದೆ. ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವ ಧೈರ್ಯವಿಲ್ಲದೆ ಊಟದ ಮಣೆಯ ಮೇಲೆ ನಿಂತೆ. ಕೆಟಲ್ಲಿಗೆ ನೀರು ತುಂಬಿ, ತಳ ಒರೆಸಿ, ಸ್ವಿಚ್ ಆಫ್ ಇದೆಯೇ ನೋಡಿ, ಪ್ಲಗ್ ಸಿಕ್ಕಿಸಿ, ಆಮೇಲೆ ಆನ್ ಮಾಡಿದೆ. ಕಿಡಿಯಿಲ್ಲ, ಸದ್ದಿಲ್ಲ. ಸಾಕೆಟ್ಟಿನ ಹತ್ತಿರ ಮೂಗು ಒಯ್ದು ಮೂಸಿದೆ. ಹೊಸ ಪ್ಲಾಸ್ಟಿಕ್ ವಾಸನೆ ಬಿಟ್ಟರೆ ಇನ್ನೇನೂ ಇಲ್ಲ. ನೀರು ಕುದಿಯಿತು. ಸ್ವಿಚ್ ಆರಿಸಿ, ಪ್ಲಗ್ ತೆಗೆದು, ನೀರನ್ನು ಫಿಲ್ಟರಿಗೆ ಹುಯ್ದು, ಮುಚ್ಚಳ ಹಾಕಿ, ಗೆದ್ದವನ ಹಾಗೆ ಮಣೆಯಿಂದ ಇಳಿದೆ.

ಅಮ್ಮ ಪೂಜೆ ಮುಗಿಸಿ ಬಂದು ಫಿಲ್ಟರಿನ ಕೆಳಗಿನ ಡಬ್ಬಿ ತೆಗೆದು ನೋಡಿದಳು. ನನ್ನ ಮುಂದೆ ಹಿಡಿದಳು. ತಿಳಿನೀರೊಳಗಿಂದ ಡಬ್ಬಿಯ ತಳ ಫಳಫಳ ಕಾಣುತ್ತಿತ್ತು.

"ಆಗ್ಲೇ ಬಾಗಿಲಿಂದ ನೋಡಿದೆ. ಅಷ್ಟು ಶ್ರದ್ಧೆಯಿಂದ ಗೋಡೆ ಮೂಸ್ತಿದ್ದೆ, ಮಧ್ಯೆ ಮಾತಾಡಿಸಿದ್ರೆ ಎಲ್ಲಿ ಬೆಚ್ಚಿಬೀಳ್ತೀಯೋ ಅಂತ ಸುಮ್ಮನಾದೆ" ಅಂದಳು. "ಪುಡಿ ಹಾಕಿಲ್ಲ ಕಣೋ ನೀನು."