ಯಜಮಾನರು ಮಫ್ಲರ್ ಬಿಚ್ಚಿದ ಬೆಳಗು

"ರೀ, ಮಫ್ಲರ್ ಇಷ್ಟು ಚಂದ ಹೆಂಗ್ ಸುತ್ತೀರಿ? ಹೆಣ್ಣು ನೋಡಾಕ ಹೊಂಟೀನಿ, ನನಗೂ ತೋರಿಸ್ರಿ."

ಐವತ್ತರ ದಶಕದ ಕೊನೆಯ ಒಂದು ಚಳಿಗಾಲದ ಬೆಳಗ್ಗೆ, ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಅಪರಿಚಿತ ಯುವಕನೊಬ್ಬ, ನನ್ನೊಂದಿಗೆ ಸೊರಬದ ಬಸ್ಸಿಗೆ ಕಾಯುತ್ತಿದ್ದ ನನ್ನ ಯಜಮಾನರನ್ನು ಹೀಗೆ ಕೇಳಿದ. ಅವರ ಕೊರಳಲ್ಲಿ ಬಾಲ್ಯದಲ್ಲಾದ ಸುಟ್ಟ ಗಾಯದ ದೊಡ್ಡ ಕಲೆಯಿತ್ತು. ಅದು ಯಾರಿಗೂ ಕಾಣದಿರಲೆಂದೇ, ಅವರ ಕಪ್ಪು ಕೋಟಿಗೆ ಒಪ್ಪುವ ಕಡುಗೆಂಪು ಉಣ್ಣೆಯಲ್ಲಿ ನಾನು ಆ ಮಫ್ಲರ್ ಹೆಣೆದುಕೊಟ್ಟಿದ್ದೆ.

ಅವರು ಅಷ್ಟು ಜನರೆದುರೇ ಅದನ್ನು ಬಿಚ್ಚಿದರು. ಎರಡಾಗಿ ಮಡಚಿ ಯುವಕನ ಕೊರಳಿಗೆ ಹಾಕಿ, ತುದಿಗಳನ್ನು ಮಡಿಕೆಯೊಳಗಿಂದ ಎಳೆದು ಅವನ ಕೋಟಿನೊಳಗೆ ಸೇರಿಸಿದರು.

"ಬಿಗಿ ಮಾಡಬೇಡಿ, ಸಡಿಲ ಇದ್ರೇ ಚಂದ. ಇದನ್ನೇ ಹಾಕ್ಕಂಡ್ ಹೋಗಿ" ಎಂದರು.

ಸೊರಬ ತಲುಪುವವರೆಗೂ ಅವರು ಕೋಟಿನ ಕಾಲರನ್ನು ಕೂಡ ಎತ್ತಿಕೊಳ್ಳಲಿಲ್ಲ. ಅವರ ಪಕ್ಕದಲ್ಲಿ ಅಂದು ಕುಳಿತಷ್ಟು ಹೆಮ್ಮೆಯಿಂದ ನಾನು ಮದುವೆಯ ಮಂಟಪದಲ್ಲೂ ಕುಳಿತಿರಲಿಲ್ಲ.