ಗಿಡ್ಡ ಗವಸು ಹುಡುಕುತ್ತ ಕಡೂರಿನಿಂದ ಶಿವನಿಗೆ

ಕಡೂರಿನಿಂದ ಶಿವನಿ ಊರಿಗೆ ರೈಲಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು ಅರ್ಧ ದಾರಿಯಲ್ಲಿ ನನ್ನನ್ನು ನಿಲ್ಲಿಸಿ ಕೇಳಿಯೇ ಕೇಳುತ್ತಾರೆ. ನಮ್ಮ ಮನೆಯವಳೂ ಅದನ್ನೇ ಕೇಳಿದಳು. "ರೈಲಿಗೆ ಹೋದ್ರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತೀರಿ. ಆ ಫಟಫಟಿ ಮೇಲೆ ಯಾಕ್ರೀ ಪ್ರಾಣ ಕಳ್ಕೊಳ್ಳೋಕೆ ಹೋಗ್ತೀರಿ?" ತರೀಕೆರೆಯಲ್ಲಿ ಔಷಧಿಗೆ ಗುಡ್ಡದ ಬೇರುಗಳನ್ನು ಕೊಳ್ಳಬೇಕು, ಅದಕ್ಕೇ ಸುತ್ತು ದಾರಿ ಎಂದು ಉತ್ತರ ಕೊಟ್ಟೆ. ಬೇರು ಬೇಕಾಗಿದ್ದದ್ದು ನಿಜ. ಆದರೆ ಮೋಟಾರ್ ಸೈಕಲ್ ಮೇಲೆ ಓಡಾಡುವ ಪಂಡಿತ ಕಡೂರು ಸೀಮೆಯಲ್ಲಿ ನಾನೊಬ್ಬನೇ, ನಾಲ್ಕೂರಿನ ಜನ ನೋಡಲಿ ಎಂಬ ಆಸೆ ಬೇರಿಗಿಂತ ದೊಡ್ಡದಾಗಿತ್ತು.

ಗಾಡಿ ನಾನು ಕೊಂಡದ್ದಲ್ಲ. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಯೊಬ್ಬರು ತಮ್ಮ ದೇಶಕ್ಕೆ ಹೊರಡುವಾಗ, ಹಳೆಯ ಕೆಮ್ಮು ವಾಸಿ ಮಾಡಿದ ಸಂತೋಷಕ್ಕೆ ಕೊಟ್ಟುಹೋದದ್ದು. ಜೊತೆಗೆ ಕೈಗೆ ಹಾಕುವ ಚರ್ಮದ ಗವಸುಗಳನ್ನೂ ಕೊಟ್ಟಿದ್ದರು. ಅವು ಮೊಣಕೈಯನ್ನು ಮುಟ್ಟುವಷ್ಟು ಉದ್ದ, ಬಾಯಿ ಕೊಳಗದಷ್ಟು ಅಗಲ. ಗಾಡಿಯ ಹಿಡಿಯ ಪಕ್ಕದಲ್ಲಿ ವೇಗ ಹೆಚ್ಚಿಸುವ ಪುಟ್ಟ ಕಬ್ಬಿಣದ ಕಡ್ಡಿ ಇದೆ. ಗವಸಿನ ಬಾಯಿ ಆ ಕಡ್ಡಿಗೆ ಸಿಕ್ಕಿಕೊಂಡು, ನಾನು ನಿಲ್ಲಬೇಕೆಂದಾಗ ಗಾಡಿ ಓಡುತ್ತಿತ್ತು. ಒಂದು ಸಲ ಬೀರೂರಿನ ಬಳಿ ಹುಲ್ಲಿನ ಮೆದೆಯೊಳಗೆ ಹೊಕ್ಕು ನಿಂತೆ. ಮಣಿಕಟ್ಟಿನಲ್ಲೇ ಮುಗಿಯುವ ಗಿಡ್ಡ ಗವಸೇ ಬೇಕೆಂದು ಆ ದಿನ ತೀರ್ಮಾನವಾಯಿತು.

ಬರಿಗೈಯಲ್ಲಿ ಓಡಿಸಬಹುದಲ್ಲ ಎಂದರೆ, ಅಲ್ಲೇ ಇತ್ತು ನನ್ನ ಭಯ. ಗಾಡಿಯ ನಡುಕ ಹಿಡಿಯಿಂದ ಅಂಗೈಗೆ, ಅಂಗೈಯಿಂದ ಬೆರಳಿಗೆ ಹತ್ತಿ, ಇಳಿದ ಮೇಲೆ ಬೆರಳ ತುದಿ ಜೋಮು ಹಿಡಿದು ಏನು ಮುಟ್ಟಿದರೂ ತಿಳಿಯುತ್ತಿರಲಿಲ್ಲ. ನನ್ನ ಹೊಟ್ಟೆಪಾಡು ಮೂರು ಬೆರಳಿನದು. ನಾಡಿ ನೋಡಿ ರೋಗ ಹೇಳುವವನು ನಾನು. ಹಿಂದಿನ ವಾರ ಬೀರೂರಿನಲ್ಲಿ ರೋಗಿಯೊಬ್ಬರ ಕೈ ಹಿಡಿದು ಬಹಳ ಹೊತ್ತು ಏನೂ ಸಿಗದೆ, ಧ್ಯಾನ ಮಾಡುವವನಂತೆ ಕಣ್ಣು ಮುಚ್ಚಿ ಕೂತಿದ್ದೆ. ಮನೆಯವರು ಭಕ್ತಿಯಿಂದ ಕೈಮುಗಿದರು. ನಾನು ಒಳಗೊಳಗೇ ಬೆವತುಹೋಗಿದ್ದೆ.

ಹೀಗಿರುವಾಗ ಶಿವನಿಯ ಮರುಳಪ್ಪನಿಂದ ಕಾಗದ ಬಂತು. ತಾಯಿ ಹಾಲಮ್ಮನಿಗೆ ಒಂಬತ್ತು ದಿನದಿಂದ ಜ್ವರ ಇಳಿದಿಲ್ಲ, ಕೂಡಲೇ ಬರಬೇಕು ಎಂದು. ಪುಷ್ಯಮಾಸದ ಬುಧವಾರ ಬೆಳಿಗ್ಗೆ ಹೊರಟೆ. ಪೇಟೆಯಲ್ಲಿ ಬಟ್ಟೆ ಅಂಗಡಿ ತೆರೆಯುವುದನ್ನೇ ಕಾಯ್ದು, "ಒಂದು ಜೊತೆ ಕೈಚೀಲ ಕೊಡಪ್ಪ, ಗಿಡ್ಡವಾಗಿರಲಿ" ಎಂದೆ. ಅಂಗಡಿಯವನು ಎರಡು ಪುಟ್ಟ ಬಟ್ಟೆ ಚೀಲಗಳನ್ನು ಮುಂದಿಟ್ಟ.

"ಇದಲ್ಲಪ್ಪ, ಕೈಗೆ ಹಾಕೋದು."

"ಕೈಗೇ ಹಾಕ್ಕೊಳ್ಳಿ ಪಂಡಿತ್ರೇ, ಭುಜಕ್ಕೆ ಬೇಕಂದ್ರೆ ದೊಡ್ದು ಐತೆ."

"ಕಾಲಿಗೆ ಹಾಕೋದು ಕಾಲುಚೀಲ ಆದ್ರೆ, ಕೈಗೆ ಹಾಕೋದು ಕೈಚೀಲ ಅಲ್ವೇನಯ್ಯ?"

ಅವನು ತಲೆ ಕೆರೆದುಕೊಂಡ. "ಕಾಲುಚೀಲದಲ್ಲಿ ಯಾರೂ ಬೆಲ್ಲ ತರಲ್ಲ ಕಣ್ರೀ" ಎಂದು ನಕ್ಕ. ಕೊನೆಗೆ ದಿಂಬಿನ ಗವಸಿನ ಹಾಗೆ ಕೈಗೆ ಗವಸು ಎಂದು ಬೆರಳು ಬಿಡಿಸಿ ತೋರಿಸಿದ ಮೇಲೆ, ಚಳಿಗೆ ಹಾಕುವ ಹೆಣೆದ ನೂಲಿನ ಗವಸುಗಳನ್ನು ಹುಡುಕಿ ತೆಗೆದ. ಬೆಲೆ ಆರಾಣೆ. ಸರಿಯಾಗಿ ಮಣಿಕಟ್ಟಿಗೆ ನಿಲ್ಲುತ್ತಿದ್ದವು. ಅಗ್ಗದಲ್ಲಿ ಗೆದ್ದೆ ಎಂದುಕೊಂಡು ಗಾಡಿ ಹತ್ತಿದೆ.

ಬೀರೂರಿಗೆ ನಾಲ್ಕು ಮೈಲಿ. ಅಲ್ಲಿ ಪೆಟ್ರೋಲು ತುಂಬಿಸಿಕೊಂಡು ಮುಂದೆ ತರೀಕೆರೆಗೆ ಹದಿನೆಂಟರ ಹತ್ತಿರ. ದಾರಿಯ ಎರಡು ಕಡೆಯೂ ತೆಂಗಿನ ತೋಟಗಳು, ನಡುವೆ ಹುರುಳಿ ಒಕ್ಕುತ್ತಿದ್ದ ಹೊಲಗಳು. ಜನ ಕೆಲಸ ಬಿಟ್ಟು ಓಡಿಬಂದು ನೋಡಿದರು. ಆ ಸುಖ ಮೂರು ಮೈಲಿ ಇತ್ತು. ಆಮೇಲೆ ನೂಲಿನ ಗವಸು ಹಿಡಿಯ ಮೇಲೆ ಜಾರತೊಡಗಿತು. ಜಾರದಿರಲೆಂದು ಬಿಗಿಯಾಗಿ ಹಿಡಿದರೆ ನಡುಕ ಎರಡರಷ್ಟು ಹತ್ತಿತು. ಗಾಳಿಯಂತೂ ನೂಲಿನ ಕಣ್ಣುಗಳೊಳಗೆ ನುಗ್ಗಿ ಬೆರಳನ್ನು ಕೊರೆಯಿತು. ತರೀಕೆರೆಯ ಛತ್ರದಲ್ಲಿ ಇಳಿದವನು ಮೊದಲು ಮಾಡಿದ ಕೆಲಸ ನನ್ನ ನಾಡಿಯನ್ನೇ ಹಿಡಿದು ನೋಡಿದ್ದು. ಏನೂ ಇಲ್ಲ. ಬದುಕಿದ್ದೇನೆ ಎನ್ನುವುದಕ್ಕೆ ಹಸಿವು ಮಾತ್ರ ಸಾಕ್ಷಿ. ಅನ್ನ, ಹುರುಳಿ ಸಾರು ಉಂಡು, ಎಲೆ ಎತ್ತಿ, ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಬೆರಳಿಗೆ ಜೀವ ಬಂತು.

ಬೇರು ಕೊಂಡದ್ದಾಯಿತು. ಪೇಟೆಯಲ್ಲಿ ಕೆಮ್ಮಣ್ಣುಗುಂಡಿಯ ಗಣಿಯ ಸಾಹೇಬರುಗಳಿಗೆ ಸಾಮಾನು ಒದಗಿಸುವ ಅಂಗಡಿ ಒಂದಿತ್ತು. ಅಲ್ಲಿ ವಿಲಾಯತಿಯಿಂದ ಬಂದ ಗವಸು ಸಿಕ್ಕಿತು. ಬೆಣ್ಣೆಯಂಥ ಚರ್ಮ, ಮಣಿಕಟ್ಟಿಗೆ ಒಂದು ಗುಂಡಿ, ಅಂಗೈಯೊಳಗೆ ಮೆತ್ತೆ. ಬೇಕಾದದ್ದೇ ಅದು. ಬೆಲೆ ಎಂಟು ರೂಪಾಯಿ. ಮನಸ್ಸು ಗಟ್ಟಿಮಾಡಿ ಹಾಕಿ ನೋಡಿದರೆ ಪ್ರತಿ ಬೆರಳಿನ ತುದಿಯಲ್ಲೂ ಒಂದು ಗೆಣ್ಣು ಖಾಲಿ.

"ಸಾಹೇಬ್ರ ಅಳತೆ ಕಣ್ರೀ. ಬೆರಳು ಬೆಳೆಸ್ಕೊಂಡು ಬನ್ನಿ" ಎಂದ ಅಂಗಡಿಯವನು, ಪಾಪ ಎನಿಸಿತೋ ಏನೋ, ಪಕ್ಕದ ಬೀದಿಯಲ್ಲಿ ಚರ್ಮದ ಕೆಲಸ ಮಾಡುವ ಹನುಮಂತಪ್ಪನ ಗುರುತು ಹೇಳಿದ.

ಹನುಮಂತಪ್ಪ ನನಗಿಂತ ಹಿರಿಯ. ನನ್ನ ಕೈಯನ್ನು ಹಲಗೆಯ ಮೇಲೆ ಇಡಿಸಿ ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದ. ನಾನು ಕಷ್ಟ ಹೇಳಿಕೊಂಡಾಗ ಬೆರಳುಗಳನ್ನು ನೋಡಲೇ ಇಲ್ಲ, ಅಂಗೈಯನ್ನು ಒತ್ತಿ ನೋಡಿದ. "ನಡುಕ ಇಲ್ಲಿಂದ ಹತ್ತೋದು ಪಂಡಿತ್ರೇ. ಮೇಕೆ ಚರ್ಮದಲ್ಲಿ ಹೊಲೀತೀನಿ, ಅಂಗೈಗೆ ಎರಡು ಪದರ ಹಾಕಿ ಮಧ್ಯ ಉಣ್ಣೆ ತುಂಬ್ಬೇಕು. ನಾಳೆ ಸಂಜೆಗೆ ಆಯ್ತದೆ."

"ನಾಳೆ ಬೆಳಿಗ್ಗೆ ಹೊರಡಬೇಕಲ್ಲಪ್ಪ, ರೋಗಿ ಕಾಯ್ತಿದ್ದಾರೆ."

"ಬೆಳಿಗ್ಗೆಗೆ ಅಂದ್ರೆ ಒಂದೇ ಪದರ. ಹಾಕ್ಕೊಳ್ಳೋಕೆ ಆಯ್ತದೆ, ಕೈ ಉಳಿಯಲ್ಲ. ನಾಳೆ ಒಂದಿನ ರೈಲಲ್ಲಿ ಹೋಗ್ಬಿಡ್ರಿ. ಗಾಡಿ ಛತ್ರದಾಗೆ ಇರ್ತದೆ, ವಾಪಸ್ ಬಂದು ಎರಡನ್ನೂ ಇಸ್ಕೊಳ್ಳೀರಂತೆ."

ಇದಕ್ಕಿಂತ ಒಳ್ಳೆಯ ಬುದ್ಧಿಮಾತನ್ನು ಆ ಪ್ರಯಾಣದಲ್ಲಿ ನನಗೆ ಯಾರೂ ಹೇಳಲಿಲ್ಲ. ನಾನು ಕೇಳಲಿಲ್ಲ. ಮರುದಿನ ಬೆಳಿಗ್ಗೆ ಒಂದೂಕಾಲು ರೂಪಾಯಿ ಕೊಟ್ಟು ಒಂದೇ ಪದರದ ಗವಸನ್ನು ಹಾಕಿಕೊಂಡು ಹೊರಟೆ. ಓದುವವರಲ್ಲಿ ಯಾರಿಗಾದರೂ ಇಂಥ ಗಾಡಿ ದಕ್ಕಿದರೆ ಹೇಳುತ್ತೇನೆ: ಆರಾಣೆಯದು ಚಳಿಗಾಲದಲ್ಲಿ ಮನೆ ಜಗಲಿಗೆ ಒಳ್ಳೆಯದು. ಎಂಟು ರೂಪಾಯಿಯದು ಕೈಗೆ ಸರಿಹೊಂದಿದರೆ ಮರುಮಾತಿಲ್ಲದೆ ಕೊಳ್ಳಿ. ನಡುವಿನ ಬೆಲೆಗೆ ಊರಿನ ಕೆಲಸಗಾರನಿಂದ ಹೊಲಿಸುವುದೇ ಸರಿ, ಆದರೆ ಅವನು ಕೇಳಿದಷ್ಟು ದಿನ ಕೊಡಿ.

ಅಜ್ಜಂಪುರ ಹದಿಮೂರು ಮೈಲಿ ಎಂದಿದ್ದರು. ನನ್ನ ಕೈಗೆ ಮೂವತ್ತು ಎನಿಸಿತು. ಕೆಂಪು ಮಣ್ಣು ಮುಗಿದು ಎರೆಭೂಮಿ ಬಂದ ಮೇಲೆ, ಮಳೆಗಾಲದಲ್ಲಿ ಎತ್ತಿನಗಾಡಿಗಳ ಚಕ್ರ ಕೊರೆದ ಹಳ್ಳಗಳೆಲ್ಲ ಒಣಗಿ ಕಲ್ಲಾಗಿದ್ದವು. ಗವಸು ಜಾರಲಿಲ್ಲ, ಬಾಯಿ ಕಡ್ಡಿಗೆ ಸಿಗಲಿಲ್ಲ, ಗಾಳಿಯೂ ನುಗ್ಗಲಿಲ್ಲ. ನಡುಕ ಮಾತ್ರ ನೇರವಾಗಿ ಎಲುಬಿಗೇ ಇಳಿಯುತ್ತಿತ್ತು. ಊರಿನ ಹೊರಗೆ ಅಮೃತಮಹಲ್ ದನಗಳ ದೊಡ್ಡ ಮಂದೆ ದಾರಿಗೆ ಅಡ್ಡ ಬಂತು. ಉದ್ದ ಕೊಂಬಿನ ಹೋರಿಗಳು ಸದ್ದು ಕೇಳಿ ಬಾಲ ಎತ್ತಿದವು. "ಏ, ನಿಲ್ಸ್ರೀ ಅದನ್ನ! ಬೆದರಿದ್ರೆ ನಿಮ್ಮನ್ನೂ ಬಿಡಲ್ಲ, ನನ್ನೂ ಬಿಡಲ್ಲ ಇವು" ಎಂದು ದನ ಕಾಯುವವನು ಕೂಗಿದ. ಅರ್ಧ ಗಂಟೆ ನಿಂತೆ. ಕೈ ಉಜ್ಜಿದೆ, ಕೊಡವಿದೆ, ಕಂಕುಳಲ್ಲಿ ಇಟ್ಟುಕೊಂಡೆ. ಕಿರುಬೆರಳಿಗೆ ಮಾತ್ರ ಸ್ವಲ್ಪ ತಿಳಿಯುತ್ತಿತ್ತು. ಅದರಿಂದ ನಾಡಿ ನೋಡುವ ಪದ್ಧತಿ ಇಲ್ಲ.

ಅಜ್ಜಂಪುರದ ಹೋಟಲಿನಲ್ಲಿ ಉಪ್ಪಿಟ್ಟು ತಿಂದು ಕಾಫಿ ಕುಡಿದೆ. ಅಲ್ಲೇ ಒಂದು ಗಂಟೆ ಕೂತಿದ್ದರೆ ಆಗುತ್ತಿತ್ತು. ಆದರೆ ಹಾಲಮ್ಮನಿಗೆ ಅಂದು ಹನ್ನೊಂದನೆಯ ದಿನ. ಕೂತರೆ ತಡವಾಗುತ್ತದೆ, ಹೋದರೆ ಕೈ ಬರುವುದಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡು, ಉಳಿದ ಏಳೆಂಟು ಮೈಲಿಯನ್ನು ಹೇಗೆ ಓಡಿಸಿದೆನೋ ತಿಳಿಯದು.

ಶಿವನಿಯಲ್ಲಿ ಮರುಳಪ್ಪ ಬಾಗಿಲಲ್ಲೇ ನಿಂತಿದ್ದ. "ನಿನ್ನೆ ಸ್ಟೇಷನ್‌ಗೆ ಹೋಗಿದ್ದೆ, ಇವತ್ತೂ ಹೋಗಿದ್ದೆ. ರೈಲು ಬಂದು ಹೋಯ್ತು, ಪಂಡಿತ್ರು ಬರ್ಲಿಲ್ವಾ ಅಂತ ಅವ್ವ ಕೇಳ್ತಾನೇ ಐತೆ" ಎಂದ. ಬೈದಿದ್ದರೆ ಹಗುರವಾಗುತ್ತಿತ್ತು. ಲಿಂಗಪೂಜೆಯ ಮನೆ, ಚರ್ಮದ ಗವಸನ್ನು ಹೊರಗಿನ ಕಟ್ಟೆಯ ಮೇಲೆ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋದೆ.

ಹಾಲಮ್ಮ ಒಣಗಿದ್ದರು. ಕಣ್ಣು ಮಾತ್ರ ಚುರುಕು. ಮರುಳಪ್ಪನ ಹೆಂಡತಿ ಗೌರಮ್ಮ ತಲೆದೆಸೆಯಲ್ಲಿ ಕೂತು ಒದ್ದೆ ಬಟ್ಟೆ ಬದಲಿಸುತ್ತಿದ್ದಳು. ನಾಲಗೆ ನೋಡಿದೆ, ಹೊಟ್ಟೆ ಮುಟ್ಟಿ ನೋಡಿದೆ. ನನ್ನ ಪೆಟ್ಟಿಗೆಯಲ್ಲಿ ಎರಡು ದಾರಿಗಳಿದ್ದವು. ಒಂದು, ಪಾದರಸ ಸೇರಿದ ಉಗ್ರವಾದ ಗುಳಿಗೆ. ನಾಡಿ ಬಲವಾಗಿದ್ದರೆ ಒಂದೇ ದಿನದಲ್ಲಿ ಜ್ವರ ಬಿಡಿಸುವಂಥದ್ದು. ನಾಡಿ ತಪ್ಪುತ್ತಿದ್ದರೆ ಅದೇ ಗುಳಿಗೆ ಜೀವವನ್ನೂ ಬಿಡಿಸುತ್ತದೆ. ಇನ್ನೊಂದು ಸೌಮ್ಯವಾದ ಕಷಾಯ, ನಿಧಾನ. ಯಾವುದೆಂದು ಹೇಳಬೇಕಾದದ್ದು ನಾಡಿ ಒಂದೇ.

ಎಡಗೈ ಹಿಡಿದೆ. ಮೂರು ಬೆರಳಿಟ್ಟೆ. ಚರ್ಮ ಇದೆ, ಬಿಸಿ ಇದೆಯೆಂದು ಊಹಿಸಿದೆ, ಅದರಾಚೆಗೆ ಏನೂ ಇಲ್ಲ. ಒತ್ತಿದೆ, ಸಡಿಲಿಸಿದೆ. ಕಣ್ಣು ಮುಚ್ಚಿದೆ. ಮರುಳಪ್ಪ ಕೈಮುಗಿದು ನಿಂತಿದ್ದ. ಹನ್ನೊಂದು ದಿನದ ಜ್ವರಕ್ಕೆ ನಾಡಿ ಸಾಮಾನ್ಯವಾಗಿ ಬಿಗಿಯಾಗಿರುತ್ತದೆ, ಮುಖದಲ್ಲಿ ಇನ್ನೂ ಕಳೆ ಇದೆ, ಗುಳಿಗೆ ಕೊಟ್ಟುಬಿಡೋಣ ಎಂದು ಮನಸ್ಸು ಹೇಳಿತು. ನನ್ನ ಇನ್ನೊಂದು ಕೈ ಪೆಟ್ಟಿಗೆಯಿಂದ ಗುಳಿಗೆಯನ್ನು ತೆಗೆದೇಬಿಟ್ಟಿತ್ತು. 'ನಾಡಿ ಬಲವಾಗಿದೆ' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

"ಏನಪ್ಪಾ, ಇಷ್ಟೊತ್ತಾಯ್ತು" ಎಂದರು ಹಾಲಮ್ಮ, "ನಾನು ಹೋಗ್ಬಿಟ್ಟೆನಾ?"

ನಗು ಬರಬೇಕಿತ್ತು. ನನಗೆ ಅಳು ಬಂತು. "ಇಲ್ಲಮ್ಮ. ಹೋಗಿರೋದು ನನ್ನ ಕೈ. ಗಾಡಿ ಓಡಿಸಿ ಜೋಮು ಹಿಡಿದಿದೆ. ನಿಮ್ಮ ನಾಡಿ ನನಗೆ ಗೊತ್ತಾಗ್ತಿಲ್ಲ" ಎಂದೆ.

ಇಪ್ಪತ್ತು ವರ್ಷದಲ್ಲಿ ಯಾರ ಮನೆಯಲ್ಲೂ ಆಡದ ಮಾತು. ಮರುಳಪ್ಪನ ಮುಗಿದ ಕೈ ಕೆಳಗಿಳಿಯಿತು. ನನ್ನ ಹೆಸರು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ಗೌರಮ್ಮ, ತಲೆ ಬಗ್ಗಿಸಿಯೇ, "ನಾನ್ ಹಿಡ್ಕೊಂಡ್ ಹೇಳಿದ್ರೆ ಆಗಲ್ವಾ?" ಎಂದಳು. ಮೂಲೆಯಲ್ಲಿ ಅವಳ ಚರಕ, ಬುಟ್ಟಿಯಲ್ಲಿ ಬಿಡಿಸಿದ ಹತ್ತಿ ಇದ್ದವು. ನೂಲುವವರ ಬೆರಳಿಗೆ ಎಳೆ ಎಲ್ಲಿ ತೆಳುವಾಯಿತೆಂದು ನೋಡದೆಯೇ ತಿಳಿಯುತ್ತದೆ.

ಎಲ್ಲಿ ಇಡಬೇಕು, ಎಷ್ಟು ಒತ್ತಬೇಕು ತೋರಿಸಿದೆ. "ಹಾವು ಹರಿದ ಹಾಗೆ ಇದೆಯೋ, ಕಪ್ಪೆ ಕುಪ್ಪಳಿಸಿದ ಹಾಗೆಯೋ, ಹಂಸ ನಡೆದ ಹಾಗೆಯೋ?"

"ಹಂಸ ನಾನ್ ಕಂಡಿಲ್ಲ" ಎಂದಳು. ಬೆರಳು ಕದಲಿಸದೆ ಎಣಿಸಿದಳು. "ಕಪ್ಪೇನೇ. ನಾಕು ಸಲ ಕುಪ್ಪಳಿಸ್ತದೆ... ನಿಂತ್ಕೊಂಡ್ತು. ಮತ್ತೆ ಹೊರಟ್ತು. ಈಗ ಐದಕ್ಕೆ ನಿಲ್ತು."

"ಸರಿಯಾಗಿ ನೋಡು ತಾಯಿ. ನಿಲ್ತದೆಯೋ, ನಿನ್ನ ಬೆರಳು ಜಾರುತ್ತೋ?"

"ಎಳೆ ಕಿತ್ತೋದಂಗೆ ನಿಲ್ತದೆ, ಆಮೇಲೆ ತಾನೇ ಕೂಡ್ಕೊಳ್ತದೆ. ಬೆರಳು ಜಾರಿಲ್ಲ."

ಗುಳಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಕಷಾಯಕ್ಕೆ ನೀರಿಡಿಸಿದೆ.

ಮರುದಿನ ಬೆಳಿಗ್ಗೆ ಜ್ವರ ಸ್ವಲ್ಪ ಇಳಿದಿತ್ತು. ಹಾಲಮ್ಮ ಗಂಜಿ ಕೇಳಿದರು. ನನ್ನ ಬೆರಳುಗಳು ಸರಿಯಾಗಿದ್ದವು. ಕೈ ಹಿಡಿದು ನೋಡಿದೆ. ನಾಲ್ಕು ಬಡಿತ, ಒಂದು ಬಿಡುವು, ಐದು, ಒಂದು ಬಿಡುವು. ಗೌರಮ್ಮ ಹೇಳಿದ್ದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆ ಗುಳಿಗೆ ಕೊಟ್ಟಿದ್ದರೆ ಈ ಹೊತ್ತಿಗೆ ಆ ಮನೆಯಲ್ಲಿ ಏನಾಗಿರುತ್ತಿತ್ತು ಎಂದು ನೆನೆದು, ಪೆಟ್ಟಿಗೆ ಮುಚ್ಚಿದೆಯೋ ಇಲ್ಲವೋ ಇನ್ನೊಮ್ಮೆ ನೋಡಿಕೊಂಡೆ. ಹದಿನೈದು ದಿನಕ್ಕಾಗುವಷ್ಟು ಕಷಾಯದ ಪುಡಿ ಕಟ್ಟಿಕೊಟ್ಟೆ.

ಮೋಟಾರ್ ಸೈಕಲ್ಲನ್ನು ಎತ್ತಿನಗಾಡಿಯ ಮೇಲೆ ಹಾಕಿ ಸ್ಟೇಷನ್ನಿಗೆ ತಂದು, ಗೂಡ್ಸಿಗೆ ಬರೆಸಿದೆವು. ನನಗೆ ಮೂರನೆಯ ದರ್ಜೆಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮರುಳಪ್ಪ ಎಳನೀರು ಕೊಟ್ಟು, ಕಿಟಕಿಯ ಹೊರಗೆ ನಿಂತು, ಹೇಳಲೋ ಬೇಡವೋ ಎಂಬಂತೆ ಸಂಕೋಚಪಟ್ಟ.

"ಪಂಡಿತ್ರೇ, ತಪ್ಪು ತಿಳ್ಕೋಬ್ಯಾಡ್ರಿ. ಇನ್ಮೇಲೆ ನೀವು ಇಷ್ಟು ಕಷ್ಟಪಟ್ಟು ಬರೋದು ಬ್ಯಾಡ. ಗೌರಿ ದಿನಾ ನಾಡಿ ನೋಡ್ತಾಳೆ. ಅವ್ಳು ಹೇಳಿದ್ದ ತಗೊಂಡು ನಾನು ರೈಲಲ್ಲಿ ಬತ್ತೀನಿ, ಔಷ್ಧಿ ಕೊಟ್ಬಿಡಿ."

ಚುರುಕ್ಕೆಂದಿತು. ನಾಡಿ ಎಂದರೆ ಒಂದು ದಿನದಲ್ಲಿ ಕಲಿಯುವ ವಿದ್ಯೆಯೇ, ನಾನು ಗುರುಗಳ ಮನೆಯಲ್ಲಿ ಹನ್ನೆರಡು ವರ್ಷ ಇದ್ದೆ ಎಂದು ಹೇಳಲು ಬಾಯಿ ತೆರೆದೆ. ಅದೇ ಬಾಯಿಯಲ್ಲಿ ಹಿಂದಿನ ದಿನ ಯಾವ ಮಾತು ಸಿದ್ಧವಾಗಿ ನಿಂತಿತ್ತು ಎಂಬುದು ನನಗೊಬ್ಬನಿಗೇ ಗೊತ್ತು. ಗಾರ್ಡು ಸೀಟಿ ಊದಿದ.

"ಬಾರಪ್ಪ" ಎಂದೆ. "ಅವಳು ಹೇಳಿದಷ್ಟನ್ನೇ ಹೇಳು, ನಿನ್ನ ಕಡೆಯಿಂದ ಏನೂ ಸೇರಿಸಬೇಡ. ಅವಳಿಗೆ ಒಂದು ದಿನ ಗೊತ್ತಾಗಲಿಲ್ಲ ಅಂದರೆ, ಗೊತ್ತಾಗಲಿಲ್ಲ ಅಂತಲೇ ಬಂದು ಹೇಳು."